‘ಇಮ್ಯೂನಿಟಿ’ ಮಾತ್ರೆ: ಎಆರ್‌ಟಿ ತಗೊಳ್ಳೋರು ಕೊಳ್ಳುವ ಮುಂಚೆ ಇದನ್ನು ಓದಿ

ಈ ಡಬ್ಬಿ ನನ್ನ ತಮ್ಮ ತಂದುಕೊಟ್ಟಿದ್ದು. 60 ಮಾತ್ರೆಗೆ 480 ರೂಪಾಯಿ. “ಅಕ್ಕಾ, ಎಚ್‌ಐವಿ ಇರೋರಿಗೆ ಇದು ಬೇಕೇ ಬೇಕಂತೆ” ಅಂದ. 2012ರಿಂದ ಎಆರ್‌ಟಿಯಲ್ಲಿದ್ದೇನೆ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ ತಗೊಳ್ಳುತ್ತಿದ್ದೇನೆ. ಹೊಲಿಗೆ ಮಷೀನ್ ಮುಂದೆ ಕೂತರೆ ಮಧ್ಯಾಹ್ನಕ್ಕೇ ಕೈಕಾಲು ಸೋಲುತ್ತಿದ್ದವು. ಅದನ್ನು ನೋಡಿಯೇ ತಂದಿದ್ದ.

ಮಾತ್ರೆ ಹುಣಸೆಬೀಜಕ್ಕಿಂತ ದೊಡ್ಡದು, ಗಂಟಲಲ್ಲಿ ನಿಲ್ಲುತ್ತದೆ. ಅದನ್ನು ಸಹಿಸಬಹುದು. ನನಗೆ ಸಿಟ್ಟು ಬಂದಿದ್ದು ಡಬ್ಬಿಯ ಮೇಲೆ ಬರೆಯದೆ ಬಿಟ್ಟ ಮಾತಿಗೆ. ಮರೆಯಬಾರದೆಂದು ರಾತ್ರಿ ಒಂಬತ್ತೂವರೆಗೆ ನನ್ನ ಎಚ್‌ಐವಿ ಮಾತ್ರೆಯಾದ ಟಿಎಲ್‌ಡಿ ಜೊತೆಗೇ, ಬರೀ ನೀರಲ್ಲಿ, ಇದನ್ನೂ ನುಂಗುತ್ತಿದ್ದೆ. ಏಳಕ್ಕೇ ಊಟ ಆಗಿರುತ್ತಿತ್ತು. ಇಪ್ಪತ್ತು ದಿನ ಹೀಗೇ ನಡೆಯಿತು.

ಎಆರ್‌ಟಿ ಕೇಂದ್ರದಲ್ಲಿ ಸಮಾಲೋಚಕಿ ಮೇಡಂ “ಬೇರೆ ಮಾತ್ರೆ ಏನಾದ್ರೂ ತಗೋತಿದೀರಾ?” ಅಂತ ಕೇಳಿದರು. ಡಬ್ಬಿ ತೋರಿಸಿದೆ. ತಿರುಗಿಸಿ ಸಣ್ಣಕ್ಷರ ಓದಿದರು: ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್‌ಗೆ ಇವು ಹೊಟ್ಟೆಯಲ್ಲೇ ಅಂಟಿಕೊಂಡು, ಅದು ರಕ್ತಕ್ಕೆ ಪೂರ್ತಿ ಸೇರದಂತೆ ಮಾಡುತ್ತವಂತೆ. ಇಂಥದ್ದು ತಗೊಳ್ಳುವುದಿದ್ದರೆ ಟಿಎಲ್‌ಡಿ ಎರಡು ಗಂಟೆ ಮುಂಚೆ ಆಗಬೇಕು, ಇಲ್ಲವೇ ಆರು ಗಂಟೆ ಕಳೆದ ಮೇಲೆ. ಹನ್ನೆರಡು ವರ್ಷಕ್ಕೂ ಮೇಲೆ ಒಂದು ದಿನ ತಪ್ಪಿಸದೆ ನುಂಗಿದವಳು ನಾನು. ಕೇಳಿ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಆಮೇಲೆ ಬಂದ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಪರೀಕ್ಷೆ) ವರದಿಯಲ್ಲಿ ವೈರಸ್ ಪತ್ತೆಯಾಗಿರಲಿಲ್ಲ.

ಸುಸ್ತಿನ ಕಾರಣವೂ ಅವತ್ತೇ ಸಿಕ್ಕಿತು. ಹಿಮೋಗ್ಲೋಬಿನ್ ಕಡಿಮೆ, 9.1 ಇತ್ತು. ಡಾಕ್ಟರು ಬರೆದ ಕಬ್ಬಿಣದ ಮಾತ್ರೆಯನ್ನು ಈಗ ಮಧ್ಯಾಹ್ನದ ಊಟದ ಜೊತೆ ತಗೊಳ್ಳುತ್ತೇನೆ, ಟಿಎಲ್‌ಡಿ ರಾತ್ರಿಗೆ. ಮೂರು ತಿಂಗಳಲ್ಲಿ ಮೈಗೆ ಚೈತನ್ಯ ಬಂತು.

“ವಿಟಮಿನ್ ಜಾಸ್ತಿ ತಗೊಂಡ್ರೆ ಒಳ್ಳೇದಲ್ವಾ ಸಾರ್?” ಅಂದದ್ದಕ್ಕೆ ಡಾಕ್ಟರು ತಾಂಜಾನಿಯಾದ ಅಧ್ಯಯನವೊಂದರ ವಿಷಯ ಹೇಳಿದರು. ಎಆರ್‌ಟಿ ಆರಂಭಿಸುತ್ತಿದ್ದ 3,418 ಜನರಲ್ಲಿ ಕೆಲವರಿಗೆ ಬಿ, ಸಿ, ಇ ವಿಟಮಿನ್ ಹೆಚ್ಚಿನ ಡೋಸಿನಲ್ಲಿ, ಉಳಿದವರಿಗೆ ಸಾಮಾನ್ಯ ಡೋಸಿನಲ್ಲಿ ಕೊಟ್ಟಿದ್ದರಂತೆ. 2012ರಲ್ಲಿ ಫಲಿತಾಂಶ ಬಂತು: ಹೆಚ್ಚಿನ ಡೋಸಿನಿಂದ ಕಾಯಿಲೆಯಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ, ಲಿವರ್‌ಗೆ ತೊಂದರೆಯಾದರೆ ರಕ್ತದಲ್ಲಿ ಹೆಚ್ಚಾಗುವ ಎಎಲ್‌ಟಿ ಮಾತ್ರ ಏರಿತ್ತು. ನನ್ನ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಏರಿಸಿದ್ದು ಸರ್ಕಾರ ಉಚಿತವಾಗಿ ಕೊಡುವ ಎಆರ್‌ಟಿಯೇ.

ಐದಕ್ಕೆ ಒಂದು ಸ್ಟಾರ್ ಕೊಡುತ್ತೇನೆ. ಕೊರತೆ ಇದೆಯೆಂದು ರಕ್ತಪರೀಕ್ಷೆಯಲ್ಲಿ ಗೊತ್ತಾದರೆ ಡಾಕ್ಟರು ಹೇಳಿದ್ದನ್ನೇ ತಗೊಳ್ಳಿ. ಕಂಪನಿಯವರಲ್ಲಿ ನನ್ನದೊಂದೇ ಕೇಳಿಕೆ: ‘ಎಚ್‌ಐವಿ ಮಾತ್ರೆ ಜೊತೆ ಸೇವಿಸುವ ಮುನ್ನ ವೈದ್ಯರನ್ನು ಕೇಳಿ’ ಅಂತ ಡಬ್ಬಿಯ ಮುಂಭಾಗದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ.