ಸಾವಿನ ಮನೆಯ ಮೂರು ಸಿನಿಮಾ: ಮೊದಲು ಯಾವುದು?

ನಗಿಸಬೇಕು, ಸಮಾಜಕ್ಕೂ ಚುಚ್ಚಬೇಕು, ಮನೆಯ ಜಗಳವೂ ಇರಬೇಕು ಅಂದರೆ ಸಾವಿನ ಮನೆಗಿಂತ ಒಳ್ಳೆಯ ಜಾಗ ಇಲ್ಲ. ಕನ್ನಡದ ‘ತಿಥಿ’, ಮಲಯಾಳಂನ ‘ಈ.ಮ.ಯೌ’, ಹಿಂದಿಯ ‘ಪಗ್ಲೈಟ್’, ಮೂರನ್ನೂ ಬೆನ್ನುಬೆನ್ನಿಗೆ ನೋಡಿದೆ.

ನೋಡಲು ಸುಲಭ ‘ಪಗ್ಲೈಟ್’ (2021). ಗಂಡ ಸತ್ತರೂ ಸಂಧ್ಯಾಗೆ ಅಳು ಬರುವುದಿಲ್ಲ, ಹಸಿವಾಗುತ್ತದೆ. ಸಾನ್ಯಾ ಮಲ್ಹೋತ್ರಾ ಚೆನ್ನಾಗಿ ಮಾಡಿದ್ದಾರೆ. ಐವತ್ತು ಲಕ್ಷದ ವಿಮೆಗೆ ಸೊಸೆಯೇ ನಾಮಿನಿ ಅಂತ ಗೊತ್ತಾದ ಕೂಡಲೇ ನೆಂಟರ ದನಿ ಬದಲಾಗುವುದು ಮಜವಾಗಿದೆ. ಆದರೆ ಕೊನೆಕೊನೆಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತಾರೆ. ನಮಗೂ ಅರ್ಥವಾಗುತ್ತೆ, ಅಲ್ವಾ?

‘ತಿಥಿ’ಯಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಜಮೀನು ಅವನ ಹೆಸರಲ್ಲಿದೆ, ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರುವ ಅವಸರ, ನಡುವೆ ಇರುವ ಅವನಪ್ಪ, ಅಂದರೆ ಸೆಂಚುರಿ ಗೌಡನ ಮಗ ಗಡ್ಡಪ್ಪನಿಗೆ ಮಾತ್ರ ಆಸ್ತಿಯೂ ಬೇಡ, ತಕರಾರೂ ಬೇಡ, ಕ್ವಾರ್ಟರ್ ಬಾಟಲಿ ಹಿಡಿದು ತಿರುಗಾಡಿಕೊಂಡಿದ್ದರೆ ಸಾಕು. ಕಡೆಗೆ ತಮ್ಮಣ್ಣ ಬದುಕಿರುವ ಅಪ್ಪನಿಗೇ ಮರಣ ಪತ್ರ ಮಾಡಿಸುತ್ತಾನೆ! ದುಡ್ಡು ಕೊಟ್ಟರೆ ಸಾವೂ ಕಾಗದದ ಮೇಲೆ ಬರುತ್ತೆ. ಅದಕ್ಕಿಂತ ದೊಡ್ಡ ವಿಡಂಬನೆ ಬೇಕಾ? ನಿರ್ದೇಶಕ ರಾಮ್ ರೆಡ್ಡಿ ಊರಿನವರನ್ನೇ ನಿಲ್ಲಿಸಿ ಮಾಡಿಸಿದ್ದಾರೆ, ಹಾಗಾಗಿ ಬೈಗುಳ ಕೂಡ ಬರೆದುಕೊಟ್ಟಂತೆ ಕೇಳುವುದಿಲ್ಲ. ನಗ್ತಾ ನಗ್ತಾ ಇದ್ದವರು ಗಡ್ಡಪ್ಪ ಕುರುಬರ ಮುಂದೆ ತನ್ನ ಹಳೇ ಕತೆ ಬಿಚ್ಚಿಟ್ಟಾಗ ಸುಮ್ಮನಾಗುತ್ತೇವೆ. ಆಸ್ತಿ ಯಾಕೆ ಬೇಡ ಅಂತಾನೆ ಅಂತ ಆಗ ತಿಳಿಯುತ್ತೆ. ತಮ್ಮಣ್ಣನ ಮಗ ಅಭಿ ಕುರುಬರ ಹುಡುಗಿಯ ಹಿಂದೆ ಬೀಳುವ ಭಾಗ ಸ್ವಲ್ಪ ಎಳೆದಂತಿದೆ ಅಷ್ಟೇ.

ಮನೆಯ ಸಂಕಟದಲ್ಲಿ ಮಾತ್ರ ‘ಈ.ಮ.ಯೌ’ (2018) ಒಂದು ಕೈ ಮೇಲು. ನಿನ್ನನ್ನು ಊರೇ ನೋಡುವಂತೆ ಮಣ್ಣು ಮಾಡುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟ ಬಡ ಮಗ ಈಶಿ, ಆ ರಾತ್ರಿಯೇ ಅಪ್ಪ ಹೋಗಿಬಿಡುತ್ತಾನೆ. ಕೈಯಲ್ಲಿ ಕಾಸಿಲ್ಲ, ಮೇಲೆ ಮಳೆ, ಪಾದ್ರಿಗೋ ಈ ಸಾವಿನ ಮೇಲೇ ಅನುಮಾನ. ನಿರ್ದೇಶಕ ಲಿಜೊ ಜೋಸ್ ಪೆಲ್ಲಿಸ್ಸೇರಿ ನಗುವನ್ನು ನಿಧಾನಕ್ಕೆ ಕಿತ್ತುಕೊಳ್ಳುತ್ತಾ ಹೋಗುತ್ತಾರೆ. ಈಶಿಯಾಗಿ ಚೆಂಬನ್ ವಿನೋದ್ ಜೋಸ್ ಕುಸಿಯುವುದನ್ನು ನೋಡಲಾಗದೆ ನಾನು ಒಮ್ಮೆ ನಿಲ್ಲಿಸಿ ಎದ್ದು ಹೋದೆ.

ನನ್ನ ಓಟು ‘ತಿಥಿ’ಗೆ, ಅದನ್ನೇ ಮೊದಲು ನೋಡಿ. ‘ಈ.ಮ.ಯೌ’ ಇನ್ನೊಂದು ದಿನಕ್ಕಿರಲಿ. ಅತ್ತೆ ಮಾವನ ಜೊತೆ ಕೂತು ನೋಡುವುದಾದರೆ ‘ಪಗ್ಲೈಟ್’ ಸಾಕು, ಗಡ್ಡಪ್ಪನ ಹಳೇ ಕತೆ ಬಂದಾಗ ಪಕ್ಕದಲ್ಲಿ ಮಾವ ಇದ್ದರೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.