ಖಾಲಿ ಗಾಡಿ ಓಡಿಸಿ ನೋಡಿ ಮಿನಿವ್ಯಾನ್ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಮಿನಿವ್ಯಾನ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ಇನ್ನೊಂದು ಮನೆಯವರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಏಳು ಜನ. ನಾವಿಬ್ಬರು, ಮೂರು ಮಕ್ಕಳು, ಅತ್ತೆ, ಮಾವ. ಮಾವನವರಿಗೆ ಮಂಡಿ ನೋವು, ಎತ್ತರದ ಗಾಡಿ ಹತ್ತಲು ಆಗುವುದಿಲ್ಲ. ಚಿಕ್ಕವನಿಗೆ ಇನ್ನೂ ಚೈಲ್ಡ್ ಸೀಟ್ ಬೇಕು. ನೆಲ ತಗ್ಗಾಗಿರಬೇಕು, ಬಾಗಿಲು ಪಕ್ಕಕ್ಕೆ ಜಾರಬೇಕು, ಮೂರು ಸಾಲು ಸೀಟಿರಬೇಕು ಅಂದರೆ ಮಿನಿವ್ಯಾನೇ ಆಗಬೇಕು. ಹೊಸದು ಕೈಗೆಟುಕುವ ಹಾಗಿರಲಿಲ್ಲ. ಹಳೆಯದಾದರೂ ಪರವಾಗಿಲ್ಲ, ಗಟ್ಟಿಯಾಗಿದ್ದರೆ ಸಾಕು ಅಂದುಕೊಂಡೆವು.

ನೋಡಿದ ಮೂರನೆಯ ಗಾಡಿಯೇ ಹಿಡಿಸಿಬಿಟ್ಟಿತು. ಎಂಟು ವರ್ಷ ಹಳೆಯದು, ಆಟೋಮ್ಯಾಟಿಕ್ ಗೇರ್, ಮೀಟರಿನಲ್ಲಿ 1,12,000 ಕಿಲೋಮೀಟರ್. ಒಳಗೆಲ್ಲ ಥಳಥಳ ಅನ್ನುತ್ತಿತ್ತು. ನಾವು ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಓಡುತ್ತಿತ್ತು. "ನಿಮಗೋಸ್ಕರ ಎಸಿ ಹಾಕಿಟ್ಟಿದ್ದೀನಿ ಮೇಡಂ, ಬನ್ನಿ ಕೂತ್ಕೊಳ್ಳಿ" ಅಂದರು ಮಾರುವವರು. ಒಳ್ಳೆಯ ಮನುಷ್ಯ ಅನ್ನಿಸಿತು. ಮಕ್ಕಳು ಓಡಿಹೋಗಿ ಹಿಂದಿನ ಸಾಲಿನಲ್ಲಿ ಜಾಗ ಹಂಚಿಕೊಂಡೇಬಿಟ್ಟರು. ಅಲ್ಲಿಗೆ ನಮ್ಮ ಅರ್ಧ ತೀರ್ಮಾನ ಮುಗಿದಿತ್ತು.

ಒಂದೇ ಒಂದು ವಿಷಯ ಕಣ್ಣಿಗೆ ಬಿತ್ತು, ಅದೂ ನನಗಲ್ಲ, ದೊಡ್ಡ ಮಗಳಿಗೆ. "ಅಮ್ಮಾ, ಗಡಿಯಾರ ತಪ್ಪು ತೋರಿಸ್ತಿದೆ" ಅಂದಳು. ಬೆಳಗ್ಗೆ ಹನ್ನೊಂದು ಗಂಟೆ ಆಗಿತ್ತು. ಡ್ಯಾಶ್‌ಬೋರ್ಡಿನಲ್ಲಿ 3:20 ಅಂತ ಇತ್ತು. ಟ್ರಿಪ್ ಮೀಟರ್ ಬರೀ 9 ಕಿಲೋಮೀಟರ್ ತೋರಿಸುತ್ತಿತ್ತು. ರೇಡಿಯೋದಲ್ಲಿ ಒಂದು ಸ್ಟೇಷನ್ನೂ ಸೇವ್ ಆಗಿರಲಿಲ್ಲ. ಕೇಳಿದ್ದಕ್ಕೆ "ಬ್ಯಾಟರಿ ಈಗಷ್ಟೇ ಹೊಸದು ಹಾಕಿದೀವಿ, ಅದಕ್ಕೆ" ಅಂದರು. ಹೊಸ ಬ್ಯಾಟರಿ ಅಂದರೆ ಒಳ್ಳೆಯದೇ ಅಲ್ವಾ? ಸುಮ್ಮನಾದೆವು.

"ಮಕ್ಕಳು ಇಲ್ಲೇ ಇರಲಿ, ಬೇಗ ಒಂದು ರೌಂಡ್ ಹೋಗಿ ಬನ್ನಿ" ಅಂದರು. ನಾನೂ ನನ್ನ ಗಂಡನೂ ಇಬ್ಬರೇ ಹೋದೆವು. ಸಮತಟ್ಟಾದ ರಸ್ತೆ, ಹತ್ತು ನಿಮಿಷ. ಗೇರ್ ಬೆಣ್ಣೆಯಂತೆ ಬದಲಾಗುತ್ತಿತ್ತು. ವಾಪಸ್ ಬಂದು ಅಡ್ವಾನ್ಸ್ ಕೊಟ್ಟೆವು.

ಐದನೇ ದಿನ ಎಂಜಿನ್ ದೀಪ ಹತ್ತಿತು. ಫೋನ್ ಮಾಡಿದರೆ "ಯಾವುದೋ ಸೆನ್ಸರ್ ಇರುತ್ತೆ ಮೇಡಂ, ಏನೂ ಆಗಲ್ಲ, ಓಡಿಸಿ" ಅಂದರು. ಓಡಿಸಿದೆವು. ಅದು ನಾವು ಮಾಡಿದ ಎರಡನೇ ತಪ್ಪು.

ಮೂರನೇ ವಾರ ಎಲ್ಲರೂ ಸೇರಿ ಹೊರಟೆವು. ಏಳು ಜನ, ಹಿಂದೆ ತುಂಬ ಸಾಮಾನು, ಎಸಿ ಜೋರಾಗಿ. ಘಟ್ಟದ ಏರು ಶುರುವಾಗಿ ಕಾಲು ಗಂಟೆ ಆಗಿರಬೇಕು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತಿದೆ, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತಿದೆ, ಗಾಡಿ ಮಾತ್ರ ನಿಧಾನವಾಗುತ್ತಿದೆ. ಆಮೇಲೆ ಸುಟ್ಟ ವಾಸನೆ. ಹಿಂದೆ ಲಾರಿಗಳ ಹಾರ್ನ್. ಒಂದು ಧಡಕ್ ಹೊಡೆದು ಗೇರ್ ಒಂದೇ ಕಡೆ ಕಚ್ಚಿಕೊಂಡಿತು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹೇಗೋ ತಿರುವಿನ ಪಕ್ಕಕ್ಕೆ ತಂದು ನಿಲ್ಲಿಸಿದೆವು. ಮಾವನವರನ್ನು ಕೈಹಿಡಿದು ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸುವಾಗ ನನ್ನ ಕೈ ನಡುಗುತ್ತಿತ್ತು. ಲಾರಿಗಳು ಒಂದು ಮಾರು ದೂರದಲ್ಲಿ ಹೋಗುತ್ತಿದ್ದವು. ಟೋ ಗಾಡಿ ಬರುವವರೆಗೆ ಎರಡೂವರೆ ಗಂಟೆ ಮಕ್ಕಳನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆವು.

ಗ್ಯಾರೇಜಿನ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಗೇರ್‌ಬಾಕ್ಸಿನಿಂದ ಒಂದಿಷ್ಟು ಆಯಿಲ್ ಇಳಿಸಿದರು. ಒಂದು ಹನಿಯನ್ನು ಬಿಳಿ ಟಿಶ್ಯೂ ಪೇಪರ್ ಮೇಲೆ ಬಿಟ್ಟು ನನ್ನ ಮುಂದೆ ಹಿಡಿದರು. ಕಪ್ಪಗಿತ್ತು. ಮಧ್ಯದಲ್ಲಿ ಕಾಡಿಗೆಯಂಥ ಪುಡಿ ಉಳಿದು ಸುತ್ತಲೂ ಕಂದು ಬಣ್ಣ ಹರಡಿತು. ಮೂಗಿನ ಹತ್ತಿರ ತಂದರೆ ಘಟ್ಟದಲ್ಲಿ ಬಂದ ಅದೇ ವಾಸನೆ. "ಈ ಪುಡಿ ಒಳಗಿನ ಕ್ಲಚ್ ಪ್ಲೇಟಿನದು. ಸವೆದು ಸವೆದು ಆಯಿಲ್‌ನಲ್ಲಿ ಸೇರಿಕೊಂಡಿದೆ" ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ಯಾಕೆಂದರೆ ನಾವು ಮೋಸ ಹೋದದ್ದು ಇಲ್ಲೇ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ತೆಳ್ಳಗಿನ ಪ್ಲೇಟುಗಳ ಕಟ್ಟುಗಳಿರುತ್ತವೆ. ಆಯಿಲ್ ಒತ್ತಡ ಅವನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಆಗಲೇ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗುವುದು. ಪ್ಲೇಟಿನ ಮೇಲ್ಪದರ ಸವೆದರೆ ಹಿಡಿತ ಕಡಿಮೆ. ಇಬ್ಬರೇ ಕೂತು ಸಮತಟ್ಟಾದ ರಸ್ತೆಯಲ್ಲಿ ಹೋದರೆ ಆ ಉಳಿದ ಹಿಡಿತವೇ ಸಾಕು, ಏನೂ ಗೊತ್ತಾಗುವುದಿಲ್ಲ. ಏಳು ಜನ ಕೂತು ಏರು ಹತ್ತಿದಾಗ ಪ್ಲೇಟು ಜಾರುತ್ತದೆ. ಜಾರಿದರೆ ಬಿಸಿ. ಬಿಸಿಯಾದರೆ ಆಯಿಲ್ ಕೆಡುತ್ತದೆ. ಆಯಿಲ್ ಕೆಟ್ಟರೆ ಇನ್ನೂ ಜಾಸ್ತಿ ಜಾರುತ್ತದೆ. ಕೊನೆಗೆ ಗಾಡಿಯ ಕಂಪ್ಯೂಟರ್ ಗೇರ್‌ಬಾಕ್ಸ್ ಉಳಿಸಿಕೊಳ್ಳಲು ಒಂದೇ ಗೇರಿನಲ್ಲಿ ನಿಲ್ಲಿಸಿಬಿಡುತ್ತದೆ. ನಮಗಾದದ್ದು ಅದೇ.

"ಟೆಸ್ಟ್ ಡ್ರೈವ್ ಹೇಗೆ ಮಾಡಿದ್ರಿ?" ಅಂತ ಕೇಳಿದರು. ಹೇಳಿದೆ. ಅವರು ಏನೂ ಅನ್ನಲಿಲ್ಲ. ನನಗೇ ಅರ್ಥವಾಯಿತು. ಮಿನಿವ್ಯಾನ್ ಕೊಳ್ಳುವುದೇ ತುಂಬಿಸಿಕೊಂಡು ಹೋಗಲು. ನಾವು ಖಾಲಿ ಗಾಡಿ ಓಡಿಸಿ ನೋಡಿ ದುಡ್ಡು ಕೊಟ್ಟಿದ್ದೆವು.

ಗಡಿಯಾರದ ವಿಷಯವೂ ಆಗಲೇ ಬಯಲಾದದ್ದು. ಬ್ಯಾಟರಿ ವೈರ್ ಕಳಚಿದರೆ ಎಷ್ಟೋ ಗಾಡಿಗಳಲ್ಲಿ ಗಡಿಯಾರದ ಜೊತೆಗೇ ಕಂಪ್ಯೂಟರಿನಲ್ಲಿದ್ದ ಫಾಲ್ಟ್ ಕೋಡ್, ಅಂದರೆ ಎಲ್ಲಿ ದೋಷವಿದೆ ಅಂತ ಬರೆದಿಟ್ಟ ಗುರುತು, ಅಳಿಸಿಹೋಗುತ್ತದೆ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಿಂದಲೂ ಒಂದೇ ನಿಮಿಷದಲ್ಲಿ ಅಳಿಸಬಹುದು. ಎಂಜಿನ್ ದೀಪ ಆರುತ್ತದೆ, ರೋಗ ಹಾಗೇ ಇರುತ್ತದೆ. ಆದರೆ ಅಳಿಸಿದವರಿಗೆ ಮುಚ್ಚಲು ಆಗದ ಒಂದು ಗುರುತು ಉಳಿಯುತ್ತದೆ. ಗಾಡಿ ತನ್ನ ಹೊಗೆ ನಿಯಂತ್ರಣದ ಭಾಗಗಳನ್ನೆಲ್ಲ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಕೋಡ್ ಅಳಿಸಿದ ಕೂಡಲೇ ಆ ಪರೀಕ್ಷೆಗಳೆಲ್ಲ ಮೊದಲಿನಿಂದ ಶುರುವಾಗಬೇಕು. ತಣ್ಣಗಿನ ಸ್ಟಾರ್ಟ್, ಊರೊಳಗಿನ ಓಡಾಟ, ಹೆದ್ದಾರಿ ಓಟ ಎಲ್ಲ ಆಗಿ, ಮುಗಿಯಲು ಕೆಲವು ದಿನವೇ ಬೇಕು. ಅಲ್ಲಿಯವರೆಗೆ ಸ್ಕ್ಯಾನರ್ ಹಾಕಿದರೆ "ನಾಟ್ ರೆಡಿ" ಅಂತ ತೋರಿಸುತ್ತದೆ. ಆ ಎರಡು ಪದ ಕಂಡರೆ ಮೊನ್ನೆ ಮೊನ್ನೆ ಯಾರೋ ಏನೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ ಅನ್ನುವ ಸಾಧ್ಯತೆ ಹೆಚ್ಚು. ನಿಜವಾಗಿಯೂ ಬ್ಯಾಟರಿ ಹೊಸದು ಹಾಕಿರಬಹುದು, ಇಲ್ಲ ಅನ್ನುವುದಿಲ್ಲ. ಹಾಗಿದ್ದರೆ "ಒಂದು ವಾರ ಓಡಿಸಿ, ಆಮೇಲೆ ಬಂದು ನೋಡ್ತೀವಿ" ಅನ್ನಿ. ಮುಚ್ಚಿಡಲು ಏನೂ ಇಲ್ಲದವರು ಒಪ್ಪುತ್ತಾರೆ.

ಸ್ಕ್ಯಾನರ್ ಚುಚ್ಚುವ ಓಬಿಡಿ ಪಾಯಿಂಟ್ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗೇ ಇರುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯ. ಈಗ ಮಾರಾಟಕ್ಕೆ ಬರುವ ಹೆಚ್ಚಿನ ಗಾಡಿಗಳಲ್ಲಿ ಇದ್ದೇ ಇರುತ್ತದೆ. ಫೋನಿಗೆ ಸೇರಿಸಿಕೊಳ್ಳುವ ಸಣ್ಣ ಸ್ಕ್ಯಾನರ್ ದುಬಾರಿಯೇನಲ್ಲ. ಅಷ್ಟೂ ಇಲ್ಲದೆ ಮಾಡಬಹುದಾದದ್ದು ಒಂದಿದೆ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳು ಹತ್ತಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇಬೇಕಾದ ದೀಪ ಹತ್ತದಿದ್ದರೆ ದೋಷ ಕಾಣದಿರಲಿ ಅಂತ ದೀಪವನ್ನೇ ಕಿತ್ತಿರಬಹುದು, ಅಲ್ಲಿಂದ ಎದ್ದು ಬನ್ನಿ.

ಎಂಜಿನ್ ಮೊದಲೇ ಓಡಿಸಿಟ್ಟದ್ದು ನಮ್ಮ ಸುಖಕ್ಕಲ್ಲ ಅಂತ ಈಗ ಅನ್ನಿಸುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬರುವ ಕಟಕಟ ಸದ್ದು, ನೀಲಿ ಹೊಗೆ, ಮೊದಲ ಗೇರಿಗೆ ಹಾಕಿದಾಗಿನ ತಡ, ಇವೆಲ್ಲ ಬಿಸಿ ಎಂಜಿನ್‌ನಲ್ಲಿ ಅಡಗಿಹೋಗುತ್ತವೆ. ಈಗ ನಾವು ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡುತ್ತೇವೆ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇವೆ.

ಗೇರ್‌ಬಾಕ್ಸ್ ರಿಪೇರಿಗೆ ಹೇಳಿದ ಮೊತ್ತ ನಾವು ಗಾಡಿಗೆ ಕೊಟ್ಟದ್ದರ ಅರ್ಧದ ಹತ್ತಿರ ಇತ್ತು. ಅಷ್ಟೇ ಆಗಿದ್ದರೂ ಮಾಡಿಸುತ್ತಿದ್ದೆವೋ ಏನೋ. ಹಿಂದಿನ ಎಸಿಯೂ ಹೋಗಿತ್ತು. ಮಿನಿವ್ಯಾನಿನಲ್ಲಿ ಹಿಂದಿನ ಸಾಲುಗಳಿಗೆ ಬೇರೆಯದೇ ಕೂಲಿಂಗ್ ಕಾಯಿಲ್ ಇರುವುದು ಸಾಮಾನ್ಯ. ಅದಕ್ಕೆ ಗ್ಯಾಸ್ ಒಯ್ಯುವ ಪೈಪು ನೆಲದಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಹೋಗುತ್ತದೆ. ಕೆಸರು ನೀರು ಬಡಿದು ಬಡಿದು ಪೈಪು ತೂತಾಗುತ್ತದೆ. ಮಾರುವಾಗ ಗ್ಯಾಸ್ ತುಂಬಿಸಿದರೆ ಕೆಲವು ದಿನ ತಣ್ಣಗಿರುತ್ತದೆ, ಆಮೇಲೆ ಸೋರಿ ಖಾಲಿ. ನಾವಂತೂ ಹಿಂದೆ ಕೂತೇ ನೋಡಿರಲಿಲ್ಲ.

ಜಾರುವ ಬಾಗಿಲಿನ ಬಗ್ಗೆ ವಿಶೇಷವಾಗಿ ಹೇಳಬೇಕು, ಯಾಕೆಂದರೆ ಅದು ಮಕ್ಕಳ, ಹಿರಿಯರ ಕೈಯ ಪ್ರಶ್ನೆ. ಒಂದು ಸಲ ಗಾಡಿಯ ಮೂತಿ ಇಳಿಜಾರಿನ ಕಡೆ ಇರುವಂತೆ ನಿಲ್ಲಿಸಿದ್ದೆವು. ಬಾಗಿಲು ಪೂರ್ತಿ ತೆರೆದಿದ್ದರೂ ತಾನಾಗಿಯೇ ಮುಂದಕ್ಕೆ ಉರುಳಿ ಬಂತು. ಅತ್ತೆ ಬಾಗಿಲ ಪಕ್ಕದ ಚೌಕಟ್ಟು ಹಿಡಿದು ಇಳಿಯುತ್ತಿದ್ದರು. ನನ್ನ ಗಂಡ ಅಡ್ಡ ಕೈಕೊಟ್ಟದ್ದರಿಂದ ಅವರ ಬೆರಳು ಉಳಿಯಿತು. ತೆರೆದ ಬಾಗಿಲನ್ನು ಹಿಡಿದಿಡುವ ಕೊಕ್ಕೆ ಸವೆದಿತ್ತು. ಸಮತಟ್ಟಾದ ಜಾಗದಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ಎರಡೂ ಬಾಗಿಲು ಹತ್ತತ್ತು ಸಲ ತೆಗೆದು ಹಾಕಿ ನೋಡಿ. ಬಟನ್ ಬಾಗಿಲಾದರೆ ಮುಚ್ಚುವಾಗ ಮಡಿಸಿದ ಟವೆಲ್ ಅಡ್ಡ ಹಿಡಿಯಿರಿ. ಬಾಗಿಲು ಅಲ್ಲೇ ನಿಂತು ತಾನಾಗಿಯೇ ಹಿಂದೆ ಸರಿಯಬೇಕು.

ಆ ಗಾಡಿಯನ್ನು ಗ್ಯಾರೇಜಿನವರಿಗೇ ಬಿಡಿಭಾಗಗಳ ಲೆಕ್ಕದಲ್ಲಿ ಕೊಟ್ಟೆವು. ಬೇರೆ ಮನೆಯವರ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ.

ಮತ್ತೆ ಹುಡುಕಲು ಹೊರಟಾಗ ಮೆಕ್ಯಾನಿಕ್‌ಗೆ ಅವರ ಅರ್ಧ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋದೆವು. ಮಾರುವವರು ಸೂಚಿಸಿದ ಮೆಕ್ಯಾನಿಕ್ ಅಲ್ಲ, ನಮ್ಮವರು. ಮೊದಲು ನೋಡಿದ ಗಾಡಿ ಹೊಸದರಂತೆಯೇ ಇತ್ತು. ಬಾಗಿಲು ತೆಗೆದರೆ ಸೆಂಟಿನ ವಾಸನೆ ತಲೆಗೇರುವಷ್ಟು. ಮೆಕ್ಯಾನಿಕ್ ಸೀದಾ ಕೊನೆಯ ಸಾಲಿಗೆ ಹೋಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ದಿನಾ ಕಾಣುವ ಭಾಗ ಶುಭ್ರವಾಗಿತ್ತು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಅಡ್ಡಲಾಗಿ ಮಣ್ಣಿನ ಬಣ್ಣದ ಗೆರೆ. ಸೀಟಿನ ಕಂಬಿ ತುಕ್ಕು ಹಿಡಿದಿತ್ತು. ನೆರೆ ನೀರಲ್ಲಿ ನಿಂತ ಗಾಡಿ. ಅಂಥದರಲ್ಲಿ ವೈರಿಂಗ್ ಯಾವಾಗ ಕೈಕೊಡುತ್ತದೆ, ಏರ್‌ಬ್ಯಾಗ್ ತೆರೆಯುತ್ತದೋ ಇಲ್ಲವೋ ಯಾರಿಗೂ ಹೇಳಲು ಬರುವುದಿಲ್ಲ. ಒಂದು ಮಾತೂ ಆಡದೆ ಹೊರಗೆ ಬಂದೆವು.

ಇನ್ನೊಂದರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ತಕ್ಕಂತೆ ನಡೆಸುವ ಪಟ್ಟಿ) ಬದಲಿಸಿದ ಬಿಲ್ ಇರಲಿಲ್ಲ. ಎಲ್ಲ ಎಂಜಿನ್‌ಗಳಲ್ಲಿ ಬೆಲ್ಟ್ ಇರುವುದಿಲ್ಲ, ಕೆಲವಕ್ಕೆ ಚೈನ್ ಇರುತ್ತದೆ. ಬೆಲ್ಟ್ ಇದ್ದರೆ ಕಂಪನಿ ಹೇಳಿದ ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ, ಬದಲಿಸಲೇಬೇಕು. ತುಂಬ ಎಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. "ಬದಲಿಸಿದೀವಿ" ಅನ್ನುವ ಬಾಯಿಮಾತನ್ನು ನಂಬಬೇಡಿ, ಬಿಲ್ ಕೇಳಿ.

ದಾಖಲೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಡಿಯ ಗುರುತಿನ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಗಾಡಿಯ ಮೇಲಿರುವುದೂ ಕಾಗದದಲ್ಲಿರುವುದೂ ಒಂದೊಂದು ಅಕ್ಷರವೂ ತಾಳೆಯಾಗಬೇಕು. ಅದೇ ನಂಬರ್ ಕೊಟ್ಟು ರೀಕಾಲ್ ಕೆಲಸ, ಅಂದರೆ ದೋಷ ಕಂಡು ಕಂಪನಿಯೇ ಗಾಡಿ ವಾಪಸ್ ಕರೆದು ಮಾಡುವ ರಿಪೇರಿ, ಏನಾದರೂ ಬಾಕಿ ಇದೆಯಾ ಅಂತ ಕಂಪನಿಯಲ್ಲಿ ವಿಚಾರಿಸಿ. ಟಕಾಟಾ ಅನ್ನುವ ಕಂಪನಿಯ, ತೆರೆಯುವಾಗ ಸಿಡಿದು ಲೋಹದ ಚೂರು ಹಾರಿಸಬಲ್ಲ ಏರ್‌ಬ್ಯಾಗ್ ಇದ್ದ ಕೋಟಿಗಟ್ಟಲೆ ಗಾಡಿಗಳನ್ನು ಹಲವು ಕಂಪನಿಗಳು ವಾಪಸ್ ಕರೆದವು. ಸರಿಪಡಿಸದ ಗಾಡಿ ಕೈಗೆ ಬಂದರೆ ಅಪಾಯ ನಿಮ್ಮ ಮುಖದ ಮುಂದೆಯೇ ಇರುತ್ತದೆ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ. 2319 ಅಂದರೆ 2019ರ 23ನೇ ವಾರದ ಟೈರ್.

ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ. ನಾವು ಅದನ್ನು ಓದಿಯೇ ಇರಲಿಲ್ಲ. ಗಾಡಿ ಎಷ್ಟು ಭಾರ ತಾಳುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ನಮ್ಮ ಏಳು ಜನರ ತೂಕವೇ 360 ಕಿಲೋ ಆಗುತ್ತದೆ. ಅದರ ಮೇಲೆ ಸಾಮಾನು. ಏಳು ಸೀಟಿದೆ ಅಂದ ಮಾತ್ರಕ್ಕೆ ಏಳು ದೊಡ್ಡವರೂ ಅವರ ಪೆಟ್ಟಿಗೆಗಳೂ ಹಿಡಿಸುತ್ತವೆ ಅಂತ ಅಲ್ಲ.

ಕೊನೆಗೆ ಕೊಂಡ ಗಾಡಿ ನೋಡಲು ಅಷ್ಟೇನೂ ಚೆನ್ನಾಗಿಲ್ಲ. ಹತ್ತು ವರ್ಷ ಹಳೆಯದು, 1,48,000 ಕಿಲೋಮೀಟರ್, ಬಂಪರಿನಲ್ಲಿ ಗೀರು. ಆದರೆ ಸರ್ವಿಸ್ ಬಿಲ್ಲುಗಳ ಒಂದು ದಪ್ಪ ಫೈಲ್ ಇತ್ತು. ಗೇರ್‌ಬಾಕ್ಸ್ ಆಯಿಲ್ ಎರಡು ಸಲ ಬದಲಿಸಿದ ಬಿಲ್ ಅದರಲ್ಲಿತ್ತು. "ನಮ್ಮ ಮನೆಯವರೆಲ್ಲ ಕೂತು ಏರು ಹತ್ತಿಸಿ ನೋಡಬೇಕು, ಒಂದು ಗಂಟೆ ಬೇಕು" ಅಂದೆ. ಮಾರುವವರು "ಅದಕ್ಕೇನಂತೆ, ನಾನೂ ಬರ್ತೀನಿ ಅಂದ್ರೆ ಜಾಗ ಇರಲ್ಲ, ನೀವೇ ಹೋಗಿ ಬನ್ನಿ" ಅಂತ ಕೀ ಕೈಗಿಟ್ಟರು. ತಣ್ಣಗಿದ್ದ ಎಂಜಿನ್ ನಾನೇ ಸ್ಟಾರ್ಟ್ ಮಾಡಿದೆ. ಮಾವ ಮಧ್ಯದ ಸಾಲಿನಲ್ಲಿ, ಮಕ್ಕಳಿಬ್ಬರು ಹಿಂದೆ, ಚಿಕ್ಕವನು ಅವನ ಸೀಟಿನಲ್ಲಿ. ಎರಡೂ ಎಸಿ ಹಾಕಿ ಏರು ರಸ್ತೆ ಹಿಡಿದೆವು. ನನ್ನ ಕಣ್ಣು ಆರ್‌ಪಿಎಂ ಮುಳ್ಳಿನ ಮೇಲೆಯೇ ಇತ್ತು. ಗೇರ್ ಬದಲಾದಾಗ ಮುಳ್ಳು ಇಳಿದು ಅಲ್ಲೇ ನಿಂತಿತು, ಸುಮ್ನೆ ಮೇಲಕ್ಕೆ ಹಾರಲಿಲ್ಲ. "ಹಿಂದೆ ತಣ್ಣಗಿದೆಯೇನ್ರೋ?" ಅಂತ ಕೂಗಿದೆ. "ಚಳಿ ಆಗ್ತಿದೆ ಅಮ್ಮಾ" ಅಂದಳು ದೊಡ್ಡವಳು. ಆಮೇಲೆ ಮುಂದಕ್ಕೆ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿ, ಗಡಿಯಾರ ಸರಿ ಇದೆ ಅಂದಳು.