ಒಂದು ಪಿಸಿ, ಐದು ಓಎಸ್, 1,999 ರೂಪಾಯಿ: ಹದಿನಾಲ್ಕು ವರ್ಷದ ಲೆಕ್ಕ

ನಮ್ಮದು ದಾವಣಗೆರೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಶಾಲೆಯವರ ಪ್ರಶ್ನೆಪತ್ರಿಕೆ, ಆನ್‌ಲೈನ್ ಅರ್ಜಿ, ಜೆರಾಕ್ಸ್ ಎಲ್ಲ ಮಾಡಿಕೊಡುತ್ತೇವೆ. ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಹುಡುಗರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಒಂದೇ: "ಅಣ್ಣ, ವಿಂಡೋಸ್ ಹೋಮ್ ಸಾಕಾ, ಪ್ರೊ ಬೇಕಾ? ಇಲ್ಲಾ ಮ್ಯಾಕೇ ತಗೊಳ್ಳಲಾ?" ಓಎಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್; ಹೋಮ್, ಪ್ರೊ ಅನ್ನೋದು ವಿಂಡೋಸ್ ಓಎಸ್‌ನ ಬೇರೆ ಬೇರೆ ಎಡಿಷನ್‌ಗಳು. ಪ್ರತಿಯೊಬ್ಬರಿಗೂ ನಿಂತು ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ನಮ್ಮಲ್ಲಿ ನಾಲ್ಕು ಯಂತ್ರಗಳಿವೆ. 2011ರಲ್ಲಿ ತಂದ ಹಳೇ ಡೆಸ್ಕ್‌ಟಾಪ್, ಅದರಲ್ಲಿ ಈಗ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಓಎಸ್. 2019ರಲ್ಲಿ ಜೋಡಿಸಿಕೊಂಡ ಇನ್ನೊಂದು ಡೆಸ್ಕ್‌ಟಾಪ್, ಅದರಲ್ಲಿ ವಿಂಡೋಸ್ 11 ಹೋಮ್. ಮನೆಯಲ್ಲಿ ಒಂದು ಲ್ಯಾಪ್‌ಟಾಪ್, ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್. ಮತ್ತೆ ಮಗಳ ಮ್ಯಾಕ್‌ಬುಕ್ ಏರ್. ಹೋಮ್ ಮತ್ತು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಬೇರೆ ಬೇರೆ ಅನ್ನೋದು ನನಗೂ ತಡವಾಗಿಯೇ ಗೊತ್ತಾಗಿದ್ದು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಆ ಹಳೇ ಡೆಸ್ಕ್‌ಟಾಪ್ ಬಗ್ಗೆ. ಬಂದಾಗ ಅದರಲ್ಲಿ ಇದ್ದದ್ದು ವಿಂಡೋಸ್ 7 ಹೋಮ್ ಬೇಸಿಕ್. ಅಮೆರಿಕದವರಿಗೆ ಈ ಎಡಿಷನ್ನೇ ಇರಲಿಲ್ಲ. ಭಾರತದಂಥ ದೇಶಗಳಿಗೆ ಅಂತಲೇ ಮಾಡಿದ್ದು. ಜಾಹೀರಾತಿನಲ್ಲಿ ತೋರಿಸುತ್ತಿದ್ದ ಗಾಜಿನಂತೆ ಹೊಳೆಯುವ ಕಿಟಕಿಗಳು ಇದರಲ್ಲಿ ಇರಲಿಲ್ಲ. ಕೆಲಸಕ್ಕೆ ಏನೂ ತೊಂದರೆ ಇರಲಿಲ್ಲ ಬಿಡಿ. ಆದರೆ ಪಕ್ಕದ ಅಂಗಡಿಯವರ ಪಿಸಿ ನೋಡಿದಾಗಲೆಲ್ಲ ಸ್ವಲ್ಪ ಹೊಟ್ಟೆ ಉರಿಯುತ್ತಿತ್ತು. ಇದಕ್ಕಿಂತ ಕೆಳಗಿನ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನೂ ಬದಲಿಸುವ ಹಾಗಿರಲಿಲ್ಲ! ಅದಕ್ಕೂ ಮೊದಲು, 2005ರಲ್ಲಿ, ಹಿಂದಿಯಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸ್ಟಾರ್ಟರ್ ಇನ್ನೂ ಮಜವಾಗಿತ್ತು. ಒಂದೇ ಸಲಕ್ಕೆ ಮೂರು ಪ್ರೋಗ್ರಾಂ ಮಾತ್ರ ತೆರೆಯಬಹುದು. ನಾಲ್ಕನೆಯದು ಬೇಕಾದರೆ ಒಂದನ್ನು ಮುಚ್ಚಬೇಕು. ಡಿಟಿಪಿ ಮಾಡುವವನಿಗೆ ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ, ಫೋಟೋಶಾಪ್ ಅಂದರೆ ಅಲ್ಲಿಗೆ ಕೋಟಾ ಮುಗಿಯಿತು. ಹಾಡು ಕೇಳೋ ಆಸೆ ಬಿಡಬೇಕು.

ಇನ್ನೊಂದು ತುದಿಯಲ್ಲಿ, ವಿಂಡೋಸ್ 7ಕ್ಕಿಂತ ಮೊದಲು ಬಂದ ವಿಂಡೋಸ್ ವಿಸ್ಟಾದ ಅಲ್ಟಿಮೇಟ್ ಎಡಿಷನ್ ಇತ್ತು. 2007ರಲ್ಲಿ ಅಮೆರಿಕದಲ್ಲಿ ಅದರ ಬೆಲೆ 399 ಡಾಲರ್. ಅದೇ ವಿಸ್ಟಾದ ಹೋಮ್ ಬೇಸಿಕ್ 199. ಎರಡಕ್ಕೂ ಡಿಸ್ಕ್ ಒಂದೇ. ನೀವು ಹಾಕುವ ಕೀ (ಲೈಸೆನ್ಸ್ ನಂಬರ್) ಯಾವುದೋ ಅದಕ್ಕೆ ತಕ್ಕಂತೆ ಬಾಗಿಲು ತೆರೆಯುತ್ತದೆ. ಎಡಿಷನ್ ಅಂದರೆ ಬೇರೆ ಬೇರೆ ಸರಕಲ್ಲ, ಒಂದೇ ಮನೆಯ ಬೇರೆ ಬೇರೆ ಕೋಣೆಗಳಿಗೆ ಬೀಗ ಅಂತ ನನಗೆ ಹೊಳೆದದ್ದು ಆಗ.

2012ರ ಕೊನೆಗೆ ವಿಂಡೋಸ್ 8 ಬಂತು. ಹಳೇ ವಿಂಡೋಸ್ ಇದ್ದವರಿಗೆ ವಿಂಡೋಸ್ 8 ಪ್ರೊ ಡೌನ್‌ಲೋಡ್ 1,999 ರೂಪಾಯಿಗೆ ಸಿಗುತ್ತಿತ್ತು. 2013ರ ಜನವರಿ 31ರವರೆಗೆ ಮಾತ್ರ. ಅಷ್ಟರವರೆಗೆ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟು ಗೊತ್ತಿರದ ಮನುಷ್ಯ ನಾನು. 2004ರಲ್ಲಿ ಅಂಗಡಿ ಶುರು ಮಾಡಿದಾಗ ಪಿಸಿ ಜೋಡಿಸಿದವನೇ ಎಕ್ಸ್‌ಪಿ ಹಾಕಿಕೊಟ್ಟಿದ್ದ. ಅದು ಎಲ್ಲಿಂದ ಬಂತು ಅಂತ ಆಗ ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಕೊಟ್ಟೆ. ಮನೆಯಲ್ಲಿ ಬೈಸಿಕೊಂಡೆ. "ಬರೀ ಒಂದು ನಂಬರಿಗೆ ಎರಡು ಸಾವಿರಾನಾ?" ಅಂದರು ನಮ್ಮನೆಯವರು.

ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಮಾಯವಾಗಿತ್ತು. ಅಂಗಡಿ ಹುಡುಗ ಎರಡು ದಿನ ಕಂಪ್ಯೂಟರ್ ಆಫ್ ಮಾಡುವುದು ಹೇಗೆ ಅಂತ ತಿಳಿಯದೆ ಸ್ವಿಚ್ಚನ್ನೇ ಆರಿಸಿ ಮನೆಗೆ ಹೋಗುತ್ತಿದ್ದ. ಆದರೆ ಆ 1,999 ರೂಪಾಯಿ ಎಷ್ಟು ದೂರ ಬಂತು ನೋಡಿ. 2013ರಲ್ಲಿ 8.1 ಪುಕ್ಕಟೆ. 2015ರ ಜುಲೈ 29ರಿಂದ ಒಂದು ವರ್ಷ ವಿಂಡೋಸ್ 10 ಕೂಡ ಪುಕ್ಕಟೆ, ನನ್ನದು ಪ್ರೊ ಆಗಿದ್ದರಿಂದ ಸಿಕ್ಕಿದ್ದೂ ಪ್ರೊ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವವರೆಗೂ ಅದೇ ಲೈಸೆನ್ಸ್. ಹತ್ತಿರ ಹತ್ತಿರ 13 ವರ್ಷ. ವರ್ಷಕ್ಕೆ 154 ರೂಪಾಯಿ ಬಿತ್ತು. ನಡುವೆ ಒಂದು ಎಸ್‌ಎಸ್‌ಡಿ ಹಾಕಿಸಿದೆ, ರ್‍ಯಾಮ್ ಏರಿಸಿದೆ. ಅದಕ್ಕೆ ಆದ ಖರ್ಚು ಓಎಸ್‌ಗಿಂತ ಜಾಸ್ತಿ.

ಪ್ರೊನಲ್ಲಿ ನಾನು ನಿಜವಾಗಿ ಬಳಸಿದ್ದು ಒಂದೇ ಒಂದು ಸೌಲಭ್ಯ: ರಿಮೋಟ್ ಡೆಸ್ಕ್‌ಟಾಪ್. ರಾತ್ರಿ ಊಟ ಆದಮೇಲೆ ಮೇಲೆ ಮನೆಯಲ್ಲಿ ಕೂತು, ಲ್ಯಾಪ್‌ಟಾಪಿನಿಂದ ಕೆಳಗಿನ ಅಂಗಡಿಯ ಪಿಸಿ ತೆರೆದು ಬಾಕಿ ಪ್ರೂಫ್ ತಿದ್ದುತ್ತಿದ್ದೆ. ಹೋಮ್ ಇರುವ ಪಿಸಿಯಿಂದ ಬೇರೆ ಪಿಸಿಗೆ ಹೋಗಬಹುದು. ಹೋಮ್ ಇರುವ ಪಿಸಿಯೊಳಗೆ ಹೀಗೆ ಬರಲು ಆಗುವುದಿಲ್ಲ. ಉಳಿದಂತೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್, ಹೈಪರ್-ವಿ, ಗ್ರೂಪ್ ಪಾಲಿಸಿ ಇವೆಲ್ಲ ಪ್ರೊನಲ್ಲಿ ಸಿಗುತ್ತವೆ. ಹೈಪರ್-ವಿ ಏನು ಅಂತ ನಿಮಗೆ ಗೊತ್ತಿಲ್ಲ ಅಂದರೆ ಅದು ನಿಮಗೆ ಬೇಡ. ಅಮೆರಿಕದ ಪಟ್ಟಿಯಲ್ಲಿ ವಿಂಡೋಸ್ 11 ಹೋಮ್ 139 ಡಾಲರ್, ಪ್ರೊ ಸುಮಾರು 200. ಹೋಮ್ ಇದ್ದವರು ಆಮೇಲೆ ಪ್ರೊಗೆ ಏರಲು 99. ಈಗ ನನ್ನ ಮುಖ್ಯ ಪಿಸಿ ಹೋಮ್ ಆಗಿರುವುದರಿಂದ ಪ್ರೂಫ್ ತಿದ್ದಲು ಮೆಟ್ಟಿಲು ಇಳಿದು ಹೋಗುತ್ತೇನೆ. 99 ಡಾಲರ್ ಉಳಿಯಿತು, ಮಂಡಿಗೂ ಒಳ್ಳೆಯದು.

ಆ ಪಿಸಿಗೆ ಹೋಮ್ ಹೇಗೆ ಬಂತು ಅನ್ನೋದು ನನ್ನ ದಡ್ಡತನದ ಕಥೆ. 2019ರಲ್ಲಿ ಓಎಸ್ ಇಲ್ಲದೆ ಜೋಡಿಸಿಕೊಂಡಿದ್ದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ "ಪ್ರೊ, ಜೀವಮಾನದ ಕೀ" ಅಂತ 450 ರೂಪಾಯಿಗೆ ಕೊಡುತ್ತಿದ್ದ. ತಗೊಂಡೆ. ಕೀ ಹಾಕಿದ ತಕ್ಷಣ ಆ್ಯಕ್ಟಿವೇಟ್ ಆಯಿತು. ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಪರದೆಯ ಬಲಗಡೆ ಕೆಳಗೆ ಮಸುಕಾಗಿ "ಆ್ಯಕ್ಟಿವೇಟ್ ವಿಂಡೋಸ್" ಅಂತ ಕಾಣಿಸಿತು. ಗಿರಾಕಿ ಪಕ್ಕದಲ್ಲೇ ಕೂತು ಮಗನ ಮದುವೆ ಪತ್ರಿಕೆ ನೋಡುತ್ತಿದ್ದರು. "ಇದೇನು, ಇದೂ ಪ್ರಿಂಟಲ್ಲಿ ಬರುತ್ತಾ?" ಅಂದರು. ಬರಲ್ಲ ಅಂತ ಸಮಾಧಾನ ಮಾಡಿದೆ. ಮಾರಿದವನ ನಂಬರ್ ಸ್ವಿಚ್ ಆಫ್. ಇಂಥವು ಹೆಚ್ಚಾಗಿ ದೊಡ್ಡ ಕಂಪನಿಗಳಿಗೆ ಕೊಟ್ಟ ವಾಲ್ಯೂಮ್ ಕೀಗಳು. ಮಿತಿ ಮೀರಿ ಬಳಸಿದ್ದು ಗೊತ್ತಾದಾಗ ಆ ಕೀ ನಿಂತುಹೋಗುತ್ತದೆ. ಆಮೇಲೆ ಡಬ್ಬಿಯಲ್ಲಿ ಬರುವ ರಿಟೇಲ್ ಹೋಮ್ ತಗೊಂಡೆ.

ನಿಮ್ಮ ವಿಂಡೋಸ್ ಲೈಸೆನ್ಸ್ ಯಾವ ಬಗೆಯದು ಅಂತ ನೋಡಬೇಕಾ? ಕೀಬೋರ್ಡಿನ ವಿಂಡೋಸ್ ಗುಂಡಿ ಜೊತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಎಸ್ ಎಲ್ ಎಂ ಜಿ ಆರ್ ಅಕ್ಷರಗಳನ್ನು ಸೇರಿಸಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್, ಡಿ ಎಲ್ ಐ. ಎಂಟರ್ ಒತ್ತಿದರೆ ಸಣ್ಣ ಕಿಟಕಿಯಲ್ಲಿ ಓಇಎಂ, ರಿಟೇಲ್, ವಾಲ್ಯೂಮ್ ಇವುಗಳಲ್ಲಿ ಒಂದು ಕಾಣುತ್ತದೆ. ಓಇಎಂ ಅಂದರೆ ಯಂತ್ರದ ಜೊತೆ ಬಂದದ್ದು, ಆ ಮದರ್‌ಬೋರ್ಡಿನ ಜೊತೆಯೇ ಅದರ ಆಯಸ್ಸು. ರಿಟೇಲ್ ಆದರೆ ಹಳೇ ಪಿಸಿಯಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಮನೆಯಲ್ಲಿ ಬಳಸುವ ಪಿಸಿಯಲ್ಲಿ ವಾಲ್ಯೂಮ್ ಅಂತ ಬಂದರೆ ನನ್ನ 450 ರೂಪಾಯಿ ನೆನಪಿಸಿಕೊಳ್ಳಿ.

ಈಗ ಮನೆಯ ಲ್ಯಾಪ್‌ಟಾಪಿನ ಸಿಂಗಲ್ ಲ್ಯಾಂಗ್ವೇಜ್ ಕಥೆ. ನಮ್ಮನೆಯವರು ಕನ್ನಡ ಶಾಲೆಯ ಟೀಚರ್. ಮೆನು ಎಲ್ಲ ಕನ್ನಡದಲ್ಲಿ ಬರೋ ಹಾಗೆ ಮಾಡಿಕೊಡಿ ಅಂದರು. ವಿಂಡೋಸ್‌ಗೆ ಕನ್ನಡದ ಭಾಷಾ ಪ್ಯಾಕ್ ಇದೆ, ಐದು ನಿಮಿಷದ ಕೆಲಸ ಅಂದುಕೊಂಡೆ. ಸೆಟ್ಟಿಂಗ್ಸ್‌ನ ಭಾಷೆಯ ಪುಟಕ್ಕೆ ಹೋದರೆ ಒಂದು ಸಾಲು: ನಿಮ್ಮ ಲೈಸೆನ್ಸ್ ಒಂದೇ ಡಿಸ್‌ಪ್ಲೇ ಭಾಷೆಗೆ ಮಾತ್ರ. ಆ ಒಂದು ಇಂಗ್ಲಿಷ್. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ "ಎಸ್‌ಎಲ್" ಅಂತ ಇತ್ತು. ಓದದೆ ತಂದದ್ದು ನನ್ನ ತಪ್ಪು. ಕನ್ನಡ ಟೈಪ್ ಮಾಡಲು ಏನೂ ಅಡ್ಡಿ ಇಲ್ಲ, ಕೀಬೋರ್ಡ್ ಸೇರಿಸಿಕೊಳ್ಳಬಹುದು. ಮೆನು ಮಾತ್ರ ಬದಲಾಗುವುದಿಲ್ಲ. ಪ್ರೊಗೆ ಏರಿದರೆ ಆ ಬೀಗ ಹೋಗುತ್ತದೆ. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಈ ಎಡಿಷನ್ನೇ. ಇಷ್ಟೊಂದು ಭಾಷೆ ಇರುವ ದೇಶಕ್ಕೆ "ಒಂದೇ ಭಾಷೆ" ಎಡಿಷನ್ ಕಳಿಸುವ ಬುದ್ಧಿ ಯಾರಿಗೆ ಬಂತೋ!

ಮ್ಯಾಕ್ ವಿಷಯಕ್ಕೆ ಬಂದರೆ ಎಡಿಷನ್ ಗೊಂದಲವೇ ಇಲ್ಲ. ಒಂದೇ ಮ್ಯಾಕ್‌ಓಎಸ್, ಅದೂ ಪುಕ್ಕಟೆ. ಮೊದಲು ಹಾಗಿರಲಿಲ್ಲ. ಜಾಗ್ವಾರ್, ಪ್ಯಾಂಥರ್, ಟೈಗರ್, ಲೆಪರ್ಡ್ ಅನ್ನೋ ಆವೃತ್ತಿಗಳು ಒಂದೊಂದಕ್ಕೂ 129 ಡಾಲರ್ ಕೊಡಬೇಕಿತ್ತು. 2009ರಲ್ಲಿ ಸ್ನೋ ಲೆಪರ್ಡ್ 29ಕ್ಕೆ ಇಳಿಯಿತು, 2012ರ ಮೌಂಟನ್ ಲಯನ್ 19.99ಕ್ಕೆ ಬಂತು. 2013ರ ಮ್ಯಾವರಿಕ್ಸ್‌ನಿಂದ ಈಚೆಗೆ ದುಡ್ಡೇ ಇಲ್ಲ. ಇಲ್ಲ ಅಂದರೆ ಯಂತ್ರದ ಬೆಲೆಯಲ್ಲೇ ಸೇರಿದೆ, ಅಷ್ಟೇ. ಮಗಳು ಡಿಸೈನ್ ಓದುತ್ತಾಳೆ ಅಂತ 2021ರಲ್ಲಿ ಎಂ1 ಚಿಪ್ ಇರುವ ಏರ್ ಕೊಡಿಸಿದೆ. ಆಗ ಅದರ ಪಟ್ಟಿ ಬೆಲೆ 92,900, ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು. ರ್‍ಯಾಮ್ 8ರಿಂದ 16 ಜಿಬಿ ಮಾಡಿಸಲು ಇನ್ನೂ 20,000 ಆಗುತ್ತಿತ್ತು. ಅದೂ ಕೊಳ್ಳುವಾಗಲೇ ತೀರ್ಮಾನ ಮಾಡಬೇಕು, ಆಮೇಲೆ ಬಿಚ್ಚಿ ಹಾಕುವ ಹಾಗಿಲ್ಲ. ನನ್ನ ಪ್ರಕಾರ ಮ್ಯಾಕ್‌ನಲ್ಲಿ ಎಡಿಷನ್ ಅಂದರೆ ಈ ರ್‍ಯಾಮೇ. ವಿಂಡೋಸ್‌ನವರು ಹೋಮ್, ಪ್ರೊ ಅಂತ ಕೇಳುವ ದುಡ್ಡನ್ನು ಇವರು ಆಗ 8, 16 ಅಂತ ಕೇಳುತ್ತಿದ್ದರು. ಒಳ್ಳೆಯದನ್ನೂ ಹೇಳಬೇಕು. ಬಿಗ್ ಸರ್‌ನಿಂದ ಟಾಹೋವರೆಗೆ ಅದೇ ಯಂತ್ರ ಐದು ಸಲ ಮೇಲೇರಿದೆ. ಒಂದು ಸಲವೂ ಕೀ ಕೇಳಿಲ್ಲ.

ಲಿನಕ್ಸ್ ನನಗೆ ಹಳೇ ಪರಿಚಯ. 2008ರಲ್ಲಿ ಉಬುಂಟು ಅನ್ನೋ ಲಿನಕ್ಸ್‌ನವರು ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಶಿಪ್‌ಇಟ್ ಅಂತ ಅದರ ಹೆಸರು, 2011ರವರೆಗೆ ಇತ್ತು. ವಿದೇಶದಿಂದ ಲಕೋಟೆ ಬಂದಾಗ ನಮ್ಮ ಪೋಸ್ಟ್‌ಮ್ಯಾನ್‌ಗೆ ನನಗಿಂತ ಜಾಸ್ತಿ ಕುತೂಹಲ. "ಎಷ್ಟು ಕೊಟ್ರಿ?" ಅಂದರು. ಏನೂ ಇಲ್ಲ ಅಂದರೆ ನಂಬಲಿಲ್ಲ. ಆಗ ಹಾಕಿ ನೋಡಿ, ಪೇಜ್‌ಮೇಕರ್ ಓಡದ್ದಕ್ಕೆ ತೆಗೆದುಬಿಟ್ಟೆ.

ಮತ್ತೆ ಲಿನಕ್ಸ್‌ಗೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ, ಗತಿಯಿಲ್ಲದೆ. 2011ರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನದು ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಬೇಕು. 2019ರ ಪಿಸಿಯಲ್ಲೂ ಮೊದಲು "ಆಗಲ್ಲ" ಅಂತಲೇ ಬಂತು. ಬಯೋಸ್‌ಗೆ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗೆ) ಹೋಗಿ ಪಿಟಿಟಿ ಅನ್ನೋ ಇಂಟೆಲ್‌ನ ಟಿಪಿಎಂ ಅನ್ನು ಆನ್ ಮಾಡಿದ ಮೇಲೆ ಒಪ್ಪಿಕೊಂಡಿತು. ಹೊಸ ಪಿಸಿಗೆ ದುಡ್ಡು ಹೊಂದಿಸುವ ಮೊದಲು ಇದನ್ನೊಮ್ಮೆ ನೋಡಿ. ಹಳೆಯದಕ್ಕೆ ಮಿಂಟ್ ಹಾಕಿದೆ.

ಮಿಂಟ್‌ನಲ್ಲೂ ಎಡಿಷನ್ ಇವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಆದರೆ ಬೆಲೆ ಎಲ್ಲದಕ್ಕೂ ಸೊನ್ನೆ. ನೋಡಲು ಹೇಗಿರಬೇಕು, ಯಂತ್ರ ಎಷ್ಟು ಮುದುಕ ಅನ್ನೋದರ ಮೇಲೆ ಆರಿಸಿಕೊಳ್ಳಬೇಕು. ನಾನು ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿಕೊಂಡೆ. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ. ಉಬುಂಟುವಿನ ದೀರ್ಘಕಾಲ ಬೆಂಬಲದ ಆವೃತ್ತಿ, ಅಂದರೆ ಎಲ್‌ಟಿಎಸ್ ಆದರೆ ಐದು ವರ್ಷ. ಉಬುಂಟು ಪ್ರೊಗೆ ಸೇರಿಕೊಂಡರೆ ಹತ್ತು, ಸ್ವಂತ ಬಳಕೆಯ ಐದು ಯಂತ್ರದವರೆಗೆ ಅದೂ ಪುಕ್ಕಟೆ. ದುಡ್ಡು ಕೊಡುವ ಲಿನಕ್ಸ್ ಇಲ್ಲ ಅಂತಲ್ಲ. ಝೋರಿನ್ ಪ್ರೊ ಇದೆ, ಕಂಪನಿಗಳಿಗೆ ರೆಡ್ ಹ್ಯಾಟ್ ಇದೆ. ನಮ್ಮಂಥವರಿಗೆ ಬೇಕಾಗಿಲ್ಲ.

ಕನ್ನಡಕ್ಕೆ ತೊಂದರೆ ಇಲ್ಲ. ಗುಬ್ಬಿ, ನವಿಲು ಅಂತ ಚೆಂದದ ಫಾಂಟ್‌ಗಳಿವೆ. ಕಗಪ ಕೀಬೋರ್ಡ್ ವಿನ್ಯಾಸವೂ ಇದೆ, ನುಡಿಯಲ್ಲಿ ಕೈ ಕುದುರಿದವರಿಗೆ ಬೆರಳು ತಡಕಾಡುವುದಿಲ್ಲ. ಲೇಸರ್ ಪ್ರಿಂಟರ್ ಸಿಕ್ಕಿಸಿದ ಕೂಡಲೇ ಓಡಿತು. ಸ್ಕ್ಯಾನರ್ ಮಾತ್ರ ಎರಡು ರಾತ್ರಿ ತಿಂದಿತು. ಅಂಗಡಿ ಹುಡುಗನಿಗೆ ಹಾಲ್ ಟಿಕೆಟ್, ಪಹಣಿ, ಆಧಾರ್ ಪ್ರಿಂಟ್ ತೆಗೆಯಲು ಬೇಕಾಗಿರುವುದು ಬ್ರೌಸರ್ ಒಂದೇ. ಮೂರು ದಿನದಲ್ಲಿ ಒಗ್ಗಿಕೊಂಡ.

ಒಗ್ಗದೇ ಇರೋದು ನನ್ನ ಹಳೇ ಫೈಲುಗಳು. ಇಪ್ಪತ್ತು ವರ್ಷದ ಪೇಜ್‌ಮೇಕರ್ ಕಡತಗಳು, ಎಲ್ಲ ಹಳೇ ನುಡಿ ಫಾಂಟ್‌ನಲ್ಲಿ, ಎಲ್ಲ ಕಡೆ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರಗಳಲ್ಲಿ ಅಲ್ಲ. ಪೇಜ್‌ಮೇಕರ್‌ನ ಕೊನೇ ಆವೃತ್ತಿ ಬಂದದ್ದೇ 2001ರಲ್ಲಿ. ಆ ಅಕ್ಷರಗಳನ್ನು ಫಾಂಟ್ ಇಲ್ಲದ ಕಡೆ ಇಟ್ಟರೆ ರೋಮನ್ ಲಿಪಿಯ ಕಸದ ಹಾಗೆ ಕಾಣುತ್ತದೆ. ನಾನು ವಿಂಡೋಸ್‌ಗೆ ಕಟ್ಟಿಬಿದ್ದಿರೋದು ಹೋಮ್‌ಗೂ ಅಲ್ಲ, ಪ್ರೊಗೂ ಅಲ್ಲ, ಈ ಕಡತಗಳಿಗೆ.

ಅದಕ್ಕೇ ಹಳೇ ಪಿಸಿಯಲ್ಲಿ ಆ 1,999ರ ವಿಂಡೋಸ್ 10 ಅನ್ನು ಅಳಿಸಿಲ್ಲ. ಮಿಂಟ್ ಪಕ್ಕದಲ್ಲೇ ಉಳಿಸಿಕೊಂಡಿದ್ದೇನೆ. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಬೇಕಾದವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್‌ವರೆಗೆ ಕೊಡುತ್ತದೆ. 30 ಡಾಲರ್, ಇಲ್ಲವೇ 1,000 ರಿವಾರ್ಡ್ಸ್ ಪಾಯಿಂಟ್, ಇಲ್ಲವೇ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ. ನಾನು ಯಾವುದನ್ನೂ ತಗೊಂಡಿಲ್ಲ. ವಿಂಡೋಸ್‌ಗೆ ಹೋಗುವಾಗ ನೆಟ್ ಕೇಬಲ್ ಕಿತ್ತಿಡುತ್ತೇನೆ.

ಮೊನ್ನೆ ಜಾತ್ರೆ ಕಮಿಟಿಯವರು ಬಂದಿದ್ದರು. 2007ರಿಂದ ನಾನೇ ಅವರ ಕರಪತ್ರ ಮಾಡುವುದು. "ಹೋದ ವರ್ಷದ್ದೇ ಇರಲಿ ಸಾರ್, ತಾರೀಖು ಒಂದು ಬದಲಿಸಿ" ಅಂದರು, ಪ್ರತಿ ವರ್ಷದಂತೆ. ಕೇಬಲ್ ಕಿತ್ತೆ, ಮಿಂಟ್ ಮುಚ್ಚಿ ವಿಂಡೋಸ್ ಎಬ್ಬಿಸಿದೆ, ಪೇಜ್‌ಮೇಕರ್ ತೆರೆದು ತಾರೀಖು ಬದಲಿಸಿದೆ. ಪ್ರಿಂಟ್ ಹೊರಬರುವಷ್ಟರಲ್ಲಿ ಹುಡುಗ ಒಳಗಿಂದ ಕೂಗಿದ, "ಸಾರ್, ನೆಟ್ ಹೋಯ್ತು!"